ನೆಗಡಿಯ ಮಕ್ಕಳು, ನನಗೆ ತಿಳಿಯದ ಒಂದು ಮಾತು

ಭವ್ಯಾ, ಕಿರಣಾ,

ನೀವು ನನ್ನಲ್ಲಿ ಕೇಳಿದ್ದು ಒಂದು ಪಟ್ಟಿ. ಭವ್ಯಳಿಗೆ ಶಿರಾ ಕಡೆಯ ಹಳ್ಳಿಯಲ್ಲಿ ಅಂಗನವಾಡಿ ಕೆಲಸದ ಆದೇಶ ಬಂದಿದೆ, ಕಿರಣ ಮಧುಗಿರಿಯಲ್ಲಿ ನರ್ಸಿಂಗ್ ಓದುತ್ತಿದ್ದಾನೆ. "ಅಜ್ಜೀ, ನೆಗಡಿ ಆದ ಪುಟ್ಟ ಮಕ್ಕಳಿಗೆ ಏನೇನು ಮಾಡ್ತಿದ್ದೆ, ಎಲ್ಲಾ ಬರೆದುಕೊಡು" ಅಂದಿರಿ. ಎದುರಿಗೆ ಕೂತು ಹೇಳು ಅಂದಿದ್ದರೆ ನಾನು ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ. ಬರೆಯುವುದಾದರೆ ಪರವಾಗಿಲ್ಲ. ಹಾಳೆ ಮುಖ ನೋಡುವುದಿಲ್ಲ.

ಪಟ್ಟಿ ಬರೆಯಲೆಂದೇ ಕೂತೆ. ಶುಂಠಿ, ಮೆಣಸು, ಓಮ, ದೊಡ್ಡಪತ್ರೆ ಎಂದು ನಾಲ್ಕು ಸಾಲು ಬರೆದ ಮೇಲೆ ಕೈ ನಿಂತಿತು. ಇದಷ್ಟನ್ನೇ ಕೊಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ಈ ಪಟ್ಟಿಯೆಲ್ಲ ಬಾಯಿಪಾಠವಾಗಿದ್ದ ನನ್ನ ಕೈಯಲ್ಲೇ ಎಂಟು ತಿಂಗಳ ಒಂದು ಹೆಣ್ಣುಕೂಸು ಹೋಗಿಬಿಡುವುದರಲ್ಲಿತ್ತು. ಕಾರಣ ಒಂದು ಮಾತು. ಆ ಸಂಗತಿಯನ್ನು ನಿಮ್ಮ ಅಮ್ಮನಿಗೂ ಹೇಳಿಲ್ಲ. ಅಲ್ಲಿಗೆ ಬರುತ್ತೇನೆ, ಅದಕ್ಕೂ ಮೊದಲು ಕೆಲಸ ಹೇಗಿತ್ತು ಎಂದು ಗೊತ್ತಾಗಬೇಕು.

ನಾನು ಕೊಳಾಲದ ಹತ್ತಿರದವಳು. ಅಲ್ಲಿಯ ಶಾಲೆಯಲ್ಲೇ ಹತ್ತನೇ ತರಗತಿ ಮುಗಿಸಿದೆ. ಮದುವೆಯಾಗಿ ಬಂದದ್ದು ತಿರುಮಣಿ ಕಡೆಗೆ. ಈಗ ಸೋಲಾರ್ ಫಲಕಗಳು ಹರಡಿರುವ ಕಡೆ ಆಗ ಕಡಲೆಕಾಯಿ ಹೊಲಗಳಿದ್ದವು. ನಮ್ಮ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡನ್ನೂ ಕಲಸಿದ್ದು. ಬಾ, ಹೋಗು, ಉಂಡೆಯಾ ಎನ್ನುವಷ್ಟು ತೆಲುಗು ಬೇಗ ಬಂತು. ಉಳಿದದ್ದಕ್ಕೆ ತಲೆಯಾಡಿಸುತ್ತಿದ್ದೆ. ನಾಲ್ಕು ವರ್ಷ ಕಳೆಯುವುದರೊಳಗೆ ಊರಿನ ಅಂಗನವಾಡಿಯ ಕೆಲಸ ನನಗೆ ಸಿಕ್ಕಿತು. ಆಗ ನಿಮ್ಮ ತಾತ ಇನ್ನೂ ಇದ್ದರು.

ಅಂಗನವಾಡಿ ಅಂದರೆ ಹಾಡು, ಆಟ, ಉಪ್ಪಿಟ್ಟು ಅಂದುಕೊಳ್ಳುತ್ತಾರೆ. ನಾನು ಕಂಡ ಅಂಗನವಾಡಿ ಅಂದರೆ ಮೂಗು. ತೂಕ ಬರೆಯಲು ರಿಜಿಸ್ಟರಿನಲ್ಲಿ ಜಾಗವಿತ್ತು, ಎತ್ತರಕ್ಕಿತ್ತು, ಚುಚ್ಚುಮದ್ದಿಗಿತ್ತು. ಮೂಗಿಗೆ ಇರಲಿಲ್ಲ. ಆದರೆ ಚಳಿಗಾಲದಲ್ಲಿ ದಿನದ ಅರ್ಧ ಹೊತ್ತು ಹೋಗುತ್ತಿದ್ದದ್ದು ಅದಕ್ಕೇ. ನಿಮ್ಮ ತಾತನ ಹಳೆಯ ಪಂಚೆಗಳನ್ನು ಅಂಗೈಯಗಲ ಹರಿದು, ಒಗೆದು, ಒಣಗಿಸಿ ಒಂದು ಚೀಲದ ತುಂಬ ಇಟ್ಟುಕೊಳ್ಳುತ್ತಿದ್ದೆ. ಒಂದು ಮಗುವಿಗೆ ಒಂದು ತುಂಡು. ಹೊಸ ಬಟ್ಟೆ ಬೇಡ, ಮೂಗು ಉರಿಯುತ್ತದೆ. ನಾಲ್ಕನೇ ದಿನಕ್ಕೆ ಮೂಗಿನ ಕೆಳಗೆ ಚರ್ಮ ಕೆಂಪಾಗಿ ಸುಲಿದಿರುತ್ತದೆ. ಅಲ್ಲಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಬೇಕು. ಮೂಗಿನ ಹೊರಗೆ ಮಾತ್ರ. ಒಳಗೆ ಎಣ್ಣೆ ಬಿಡಬೇಡಿ, ಅದು ಎದೆಗೆ ಇಳಿಯಬಹುದು.

ಬಟ್ಟೆ ಕಂಡರೆ ಓಡುವ ಮಕ್ಕಳೂ ಇರುತ್ತಾರೆ. ಮೂರು ವರ್ಷದ ಒಬ್ಬಳಂತೂ ನನ್ನ ಕೈ ಕಚ್ಚುತ್ತಿದ್ದಳು. ಒಂದು ದಿನ ಬಟ್ಟೆಯನ್ನು ಅವಳ ಕೈಗೇ ಕೊಟ್ಟು ನನ್ನ ಮುಖ ಮುಂದೆ ಮಾಡಿದೆ. ಅವಳು ಬಹಳ ಗಂಭೀರವಾಗಿ ನನ್ನ ಮೂಗು ಒರೆಸಿ, ಬಟ್ಟೆಯನ್ನು ತಿರುಗಿಸಿ ನೋಡಿ ಕೇಳಿದಳು:

"ಟೀಚರಮ್ಮಾ, ನಿನ್ ಮೂಗ್ನಾಗೆ ಏನೂ ಇಲ್ವಲ್ಲಾ?"

"ನಿನ್ನದ್ರಲ್ಲಿ ಐತಾ ನೋಡಾಣ?"

"ನಂದ್ರಲ್ಲಿ ಬೇಕಾದಷ್ಟೈತೆ" ಎಂದು ಮೂಗನ್ನು ಮುಂದೆ ಚಾಚಿದಳು. ಅಲ್ಲಿಂದ ಎಲ್ಲ ಮಕ್ಕಳಿಗೂ ಅದೇ ದಾರಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಧುಗಿರಿಯಲ್ಲಿ ತರಬೇತಿಯಿತ್ತು. ನಾನು ಕೊನೆಯ ಸಾಲಿನಲ್ಲಿ, ಯಾರದಾದರೂ ಬೆನ್ನ ಹಿಂದೆ ಮರೆಯಾಗುವಂತೆ ಕೂರುತ್ತಿದ್ದೆ. ವಯಸ್ಸಾದ ಒಬ್ಬ ಮೇಡಂ ಪಾಠ ಹೇಳುತ್ತಿದ್ದರು. ನೆಗಡಿ ಆದ ಮಗುವಿಗೆ ನಿಮ್ಮಲ್ಲಿ ಏನು ಮಾಡುತ್ತೀರಿ ಎಂದು ಒಂದು ದಿನ ಕೇಳಿದರು. ಅಲ್ಲಿಯವರೆಗೆ ತೂಕಡಿಸುತ್ತಿದ್ದ ಹೆಂಗಸರೆಲ್ಲ ಎದ್ದರು.

"ವೀಳ್ಯದೆಲೆಗೆ ಹರಳೆಣ್ಣೆ ಸವರಿ, ಬೆಚ್ಚಗೆ ಮಾಡಿ ಎದೆಗೆ ಹಾಕ್ತೀವಿ ಮೇಡಂ."

"ಬಜೆ ತೇದು ನಾಲ್ಗೆಗೆ ಮುಟ್ಟಿಸ್ತೀವಿ."

"ಬೆಳ್ಳುಳ್ಳಿ ಪೋಣಿಸಿ ಕತ್ತಿಗೆ ಕಟ್ತೀವಿ."

"ಎರಡು ತೊಟ್ಟು ಬ್ರಾಂದಿ."

ಸಭೆ ಗೊಳ್ಳೆಂದು ನಕ್ಕಿತು. "ಯಾರಮ್ಮ ಅದು ಬ್ರಾಂದಿ ಅಂದೋರು?" ಎಂದು ಮೇಡಂ ಕನ್ನಡಕ ಸರಿಪಡಿಸಿಕೊಂಡರು.

"ನಾನಲ್ಲ ಮೇಡಂ, ನಮ್ಮತ್ತೆ."

"ನಿಮ್ಮತ್ತೆ ಕೂಸಿಗೆ ಕೊಡ್ತಾರೋ, ತಾವೇ ಕುಡೀತಾರೋ?"

"ಕೂಸಿಗೆ ಎರಡು ತೊಟ್ಟು ಮೇಡಂ. ಉಳಿದಿದ್ದು ಮಾವನಿಗೆ."

ನಗು ನಿಂತ ಮೇಲೆ ಮೇಡಂ ಬ್ರಾಂದಿಯನ್ನು ಒಂದು ತೊಟ್ಟೂ ಮುಟ್ಟಿಸಬಾರದು ಎಂದು ಗದರಿಸಿ, ನಂತರ ಬೇರೊಂದು ಪ್ರಶ್ನೆ ಕೇಳಿದರು. "ಇಷ್ಟೆಲ್ಲಾ ಮಾಡ್ತೀರಲ್ಲ, ಮಾಡಿದ ಮೇಲೆ ಆ ಮಗು ಏನ್ ಮಾಡ್ತು ಅಂತ ಪಕ್ಕದಲ್ಲಿ ಕೂತು ನೋಡಿದೋರು ಯಾರಿದ್ದೀರಿ?"

ಔಷಧಿ ಕೊಟ್ಟ ಕೈ ತೊಳೆದುಕೊಂಡು ಪಾತ್ರೆ ತಿಕ್ಕಲು ಹೋಗುವವರು ನಾವೆಲ್ಲ. ಬಸ್ಸಿನಲ್ಲಿ ಊರಿಗೆ ಬರುವಾಗ ನನಗೆ ಅದೇ ಯೋಚನೆ. ಹೌದಲ್ಲ, ಮಗು ಏನು ಮಾಡುತ್ತದೆ?

ಅಂದಿನಿಂದ ನೋಡಲು ಶುರು ಮಾಡಿದೆ. ನಮ್ಮ ಅತ್ತೆ ತಿಮ್ಮಕ್ಕ ಊರಿನ ಕೂಸುಗಳಿಗೆಲ್ಲ ನೀರು ಹಾಕುವವರು. ಸ್ನಾನವಾದ ಮೇಲೆ ಬಾಗಿಲು ಮುಚ್ಚಿ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರು. ನೆಗಡಿಯಾದ ಕೂಸು ಆ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿತ್ತು.

"ಅತ್ತೇ, ಹೊಗೆಗೆ ಕೆಮ್ಮು ಜಾಸ್ತಿ ಆಗ್ತಾ ಐತೆ."

"ಆಗ್ಲಿ ಬುಡು. ಕೆಮ್ಮಿದ್ರೇ ತಾನೆ ಕಫ ಈಚಿಗೆ ಬರಾದು?"

ಮಾರನೆಯ ದಿನ ಹೊಗೆ ಹಾಕುವ ಮೊದಲೇ ಕೂಸನ್ನು ಎತ್ತಿಕೊಂಡು ಬಿಸಿಲಿದ್ದ ಜಗಲಿಗೆ ಬಂದು ಕೂತೆ. ಕೆಮ್ಮದೆ ನಿದ್ದೆಹೋಯಿತು. ಅತ್ತೆಯನ್ನು ಕರೆದು ತೋರಿಸಿದೆ. ಅತ್ತೆ ಆಕಾಶ ನೋಡಿ, "ಇವತ್ತು ಗಾಳಿ ತಿರುಗೈತೆ ಕಣ್ಲೇ, ಅದುಕ್ಕೇ" ಅಂದರು. ಅವರನ್ನು ಸೋಲಿಸಲು ನನ್ನಿಂದ ಆಗಲಿಲ್ಲ. ಆದರೆ ಹೊಗೆಯ ಬಟ್ಟಲು ಮೆಲ್ಲಗೆ ದೇವರ ಮೂಲೆಗೆ ಹೋಯಿತು.

ಅವರಿಂದ ಕಲಿತದ್ದೂ ಬಹಳ. ಓಮವನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ, ಬೆನ್ನಿಗೆ ಎದೆಗೆ ಅಂಗಿಯ ಮೇಲಿಂದಲೇ ಒತ್ತಿ ಶಾಖ ಕೊಡುವುದು ಅವರ ರೂಢಿ. "ಗಂಟು ಬಿಸಿ ಐತಾ ಅಂತ ಕೈಯಾಗೆ ನೋಡಬ್ಯಾಡ. ಒಲೆ ಮುಂದೆ ಇರೋ ಕೈಗೆ ಬಿಸಿ ಎಲ್ಲಿ ಗೊತ್ತಾಗ್ತದೆ? ನಿನ್ ಕೆನ್ನೆಗೆ ಒತ್ತಿ ನೋಡು" ಅನ್ನುತ್ತಿದ್ದರು. ಇದನ್ನು ಯಾವ ತರಬೇತಿಯಲ್ಲೂ ಹೇಳಲಿಲ್ಲ. ಓಮದ ಗಂಟು ಕಫಕ್ಕೆ ಏನು ಮಾಡುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ನೋಡುತ್ತ ನೋಡುತ್ತ ಒಂದು ವಿಷಯ ಹೊಳೆಯಿತು. ಗಂಟು ಹಿಡಿಯಬೇಕೆಂದರೆ ತಾಯಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಅರ್ಧ ಗಂಟೆ ಅಲುಗಾಡದೆ ಕೂರಬೇಕು. ಹೊಲಕ್ಕೆ ಹೋಗುವ ಹೆಂಗಸಿಗೆ ಅರ್ಧ ಗಂಟೆ ಸುಮ್ಮನೆ ಕೂರಲು ಮನೆಯಲ್ಲಿ ಯಾರು ಬಿಡುತ್ತಾರೆ? ಗಂಟು ಕೈಯಲ್ಲಿದ್ದರೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. ಔಷಧಿ ಓಮವೋ ಮಡಿಲೋ, ನೀವೇ ನೋಡಿ ಹೇಳಿ.

ತಿಳಿಯದೆ ಮಾಡಿದ ತಪ್ಪೂ ಇದೆ. ನಮ್ಮಣ್ಣ ಸಿದ್ದರಬೆಟ್ಟದ ಕಡೆಯಿಂದ ಒಳ್ಳೆಯ ಜೇನು ತಂದುಕೊಟ್ಟಿದ್ದ. ದೊಡ್ಡಪತ್ರೆ ಎಲೆ ಬಾಡಿಸಿ, ರಸ ಹಿಂಡಿ, ಅದಕ್ಕೆ ಜೇನು ಬೆರೆಸಿ ಹತ್ತು ತಿಂಗಳ ಕೂಸಿಗೆ ನೆಕ್ಕಿಸುತ್ತಿದ್ದೆ. ಚುಚ್ಚುಮದ್ದು ಹಾಕಲು ಬಂದ ನರ್ಸಮ್ಮ ನೋಡಿದರು. "ಸರೋಜಮ್ಮ, ವರ್ಷ ತುಂಬದ ಕೂಸಿಗೆ ಜೇನು ಮುಟ್ಟಿಸಬಾರ್ದು ಕಣ್ರೀ" ಅಂದರು. ಸರಿ ಎಂದು ತಲೆಯಾಡಿಸಿದೆ. ಯಾಕೆ ಎಂದು ಕೇಳಲು ನಾಲಿಗೆ ಏಳಲಿಲ್ಲ. ಮೂರು ವಾರ ಆ ಪ್ರಶ್ನೆಯನ್ನು ಹೊತ್ತುಕೊಂಡು ತಿರುಗಿದೆ. ಕೊನೆಗೆ ನರ್ಸಮ್ಮನೇ, "ಏನ್ರೀ, ಏನೋ ಕೇಳ್ಬೇಕು ಅಂತ ನಿಂತಂಗಿದೆ" ಅಂದಾಗ ಕೇಳಿದೆ. ಜೇನಿನಲ್ಲಿ ಕೆಲವೊಮ್ಮೆ ಬೀಜದಂಥ ಒಂದು ಕ್ರಿಮಿ ಇರುತ್ತದಂತೆ. ದೊಡ್ಡವರ ಹೊಟ್ಟೆಯಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ, ಹಸುಗೂಸಿನ ಹೊಟ್ಟೆಯಲ್ಲಿ ಬೇರು ಬಿಟ್ಟುಕೊಂಡು ವಿಷವಾಗುತ್ತದಂತೆ. ಎಷ್ಟು ಸಣ್ಣ ಉತ್ತರ! ನಾನು ಕೂಡಲೇ ಕೇಳಿದ್ದರೆ ಅಷ್ಟರಲ್ಲಿ ಊರಿನ ಎಲ್ಲ ತಾಯಂದಿರಿಗೂ ಹೇಳಿರುತ್ತಿದ್ದೆ. ನಾಚಿಕೆ ನನ್ನದು, ನಷ್ಟ ಊರಿನ ಕೂಸುಗಳದ್ದು. ಇದು ಆಗ ನನಗೆ ಅಷ್ಟಾಗಿ ತಟ್ಟಲಿಲ್ಲ.

ಮೇಲಧಿಕಾರಿಗಳ ಬಗ್ಗೆ ಒಂದು ಮಾತು. ನಮ್ಮ ಮೇಲ್ವಿಚಾರಕಿ ಬಹಳ ಬಿಗಿ. ಒಂದು ದಿನ ಹೇಳದೆ ಬಂದರು. ಅಂಗನವಾಡಿಯ ಬಾಗಿಲಲ್ಲಿ ದೊಡ್ಡಪತ್ರೆಯ ಕುಂಡ, ತುಳಸಿ, ಒಲೆಯ ಮೇಲೆ ಕುದಿಯುತ್ತಿದ್ದ ಮೆಣಸಿನ ನೀರು.

"ಏನ್ರೀ ಇದು? ಅಂಗನವಾಡೀನೋ, ಗಿಡಮೂಲಿಕೆ ಅಂಗಡೀನೋ? ಚಾರ್ಟು ಎಲ್ಲಿ?"

ಚಾರ್ಟು ಗೋಡೆಯ ಮೇಲೇ ಇತ್ತು. ಅದನ್ನು ಹೇಳಲೂ ನನಗೆ ಬಾಯಿ ಬರಲಿಲ್ಲ. ಅವರು ರಿಜಿಸ್ಟರ್ ತಿರುವುತ್ತ ಹದಿನೈದು ನಿಮಿಷ ಬೈದರು. ಬೈಯುವ ನಡುವೆ ಒಂಬತ್ತು ಸಲ ಸೀನಿದರು. ನಾನು ಎಣಿಸಿದ್ದೆ. ಹೊರಡುವಾಗ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ ಕೇಳಿದರು, "ಆ ಮೆಣಸಿನ ನೀರು... ದೊಡ್ಡೋರಿಗೂ ಆಗ್ತದಾ?" ಎರಡು ಲೋಟ ಕುಡಿದು ಹೋದರು. ಅಂದಿನಿಂದ ಬರುವ ಮುಂಚೆ ಹೇಳಿ ಕಳಿಸುತ್ತಿದ್ದರು.

ಈಗ ನಾಗಮಣಿಯ ಸಂಗತಿ.

ನಾಗಮಣಿ ನಮ್ಮ ಬೀದಿಯ ಕೊನೆಯ ಮನೆಯ ಸೊಸೆ. ಗಡಿಯಾಚೆಯ ಹಳ್ಳಿಯಿಂದ ಬಂದವಳು, ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಅವಳ ಕೂಸು ಅಖಿಲ, ಎಂಟು ತಿಂಗಳು. ತೆಲುಗು ಬಲ್ಲ ನಮ್ಮ ಸಹಾಯಕಿ ಆವತ್ತು ರಜೆಯಲ್ಲಿದ್ದಳು. ಬೆಳಗ್ಗೆ ಹತ್ತರ ಹೊತ್ತು. ನಾನು ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದೆ. ನಾಗಮಣಿ ಕೂಸನ್ನು ದುಪ್ಪಟಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು.

"ಅಕ್ಕಾ, ಪಾಪಗೆ ಮೂರು ದಿನದಿಂದ ಪಡಿಶೆಂ. ಬೆಳಿಗ್ಗೆಯಿಂದ ಡೊಕ್ಕಲೆಗರೇಸ್ತಾಂದಿ."

ಪಡಿಶೆಂ ಅಂದರೆ ನೆಗಡಿ, ಅದು ನನಗೆ ಗೊತ್ತಿತ್ತು. ಎರಡನೆಯದು ಗೊತ್ತಿರಲಿಲ್ಲ. ಎಗರುವುದು ಅಂದರೆ ಹಾರುವುದು, ಕನ್ನಡದಲ್ಲೂ ಅದೇ. ಡೊಕ್ಕ ಅನ್ನುವುದು ಹೊಟ್ಟೆಗೆ ಸಂಬಂಧಪಟ್ಟದ್ದು ಎಂದು ಎಲ್ಲೋ ಕೇಳಿದ ನೆನಪು. ಹೊಟ್ಟೆ ಎಗರುವುದು ಅಂದರೆ ಏನು? ಬಿಕ್ಕಳಿಕೆ! ಸೌಟು ಕೈಯಲ್ಲಿ ಹಿಡಿದುಕೊಂಡೇ ಈ ಲೆಕ್ಕ ಮಾಡಿ ಮುಗಿಸಿದೆ. ಹಾಗಂದರೇನಮ್ಮ ಎಂದು ಒಂದು ಮಾತು ಕೇಳಬಹುದಿತ್ತು. ಟೀಚರಮ್ಮನಿಗೆ ಇದೂ ಗೊತ್ತಿಲ್ಲವೇ ಅಂದುಕೊಂಡಾಳು ಎಂಬ ನಾಚಿಕೆ.

"ಊಂ ಊಂ, ಗೊತ್ತಾಯ್ತು. ಏನೂ ಆಗಲ್ಲ. ಹೆಗಲಿಗೆ ಹಾಕ್ಕೊಂಡು ಬೆನ್ನು ಸವರು. ಎದೆಹಾಲು ಕುಡಿಸು, ನಿಂತೋಗ್ತದೆ" ಅಂದೆ.

ನಾಗಮಣಿ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಕೂಸನ್ನು ಹೆಗಲ ಮೇಲೆ ಸರಿಮಾಡಿಕೊಂಡು ತಿರುಗಿ ಹೋದಳು. ನಾನು ಉಪ್ಪಿಟ್ಟು ಬಡಿಸಿದೆ.

ಒಂದು ಗಂಟೆ ಕಳೆದಿತ್ತು. ಮಕ್ಕಳು ಹಾಡು ಹೇಳುತ್ತಿದ್ದರು. ನಾಗಮಣಿ ಮತ್ತೆ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಒಳಗೆ ಬಂದು, ಮಕ್ಕಳ ನಡುವೆಯೇ ಕೂತು, ದುಪ್ಪಟಿ ಬಿಚ್ಚಿ ಕೂಸಿನ ಅಂಗಿಯನ್ನು ಕತ್ತಿನವರೆಗೆ ಎತ್ತಿದಳು.

ಕೂಸು ಉಸಿರು ಒಳಗೆ ಎಳೆದಾಗೆಲ್ಲ ಪಕ್ಕೆಲುಬಿನ ಕೆಳಗೆ ಎರಡೂ ಕಡೆ ಗುಳಿ ಬೀಳುತ್ತಿತ್ತು. ಉಸಿರು ಬಿಟ್ಟಾಗ ಪಕ್ಕೆ ಮೇಲಕ್ಕೆ ಜಿಗಿಯುತ್ತಿತ್ತು. ಮತ್ತೆ ಗುಳಿ, ಮತ್ತೆ ಜಿಗಿತ, ಒಂದರ ಹಿಂದೆ ಒಂದು, ನಿಲ್ಲದೆ. ಡೊಕ್ಕಲು ಅಂದರೆ ಹೊಟ್ಟೆಯಲ್ಲ, ಪಕ್ಕೆ. ನಮ್ಮ ಕೊಳಾಲದ ಕಡೆ ಇದನ್ನು ಪಕ್ಕೆ ಹೊಡ್ಕೊಳ್ಳೋದು ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಿದ್ದರೆ ನಾನು ಸೌಟು ಬಿಸಾಡಿ ಎದ್ದಿರುತ್ತಿದ್ದೆ. ಇದು ನೆಗಡಿ ಎದೆಗೆ ಇಳಿದ ಗುರುತು. ಇದಕ್ಕೆ ಓಮವಿಲ್ಲ, ಶುಂಠಿಯಿಲ್ಲ, ದೊಡ್ಡಪತ್ರೆಯಿಲ್ಲ. ಆಸ್ಪತ್ರೆ ಒಂದೇ.

ಅತ್ತೆಯನ್ನು ಕೂಗಿ ಕರೆದೆ. ಅವರು ಕೂಸನ್ನು ಒಂದು ಸಲ ನೋಡಿ, "ಓಡ್ರೇ ಲೇ, ಇಲ್ಲಿ ಈ ಮಂದೇನ ನಾ ನೋಡ್ಕಂತೀನಿ" ಅಂದರು. ಉಪಕೇಂದ್ರ ಊರ ಹೊರಗೆ. ನರ್ಸಮ್ಮ ಗಡಿಯಾರ ಹಿಡಿದು ಉಸಿರು ಎಣಿಸಿದರು. ಒಂದು ನಿಮಿಷಕ್ಕೆ ಎಪ್ಪತ್ತು ದಾಟಿತು. ಆ ವಯಸ್ಸಿಗೆ ಐವತ್ತಾದರೇ ಹೆಚ್ಚು ಎಂದು ನನಗೆ ಆಗ ಗೊತ್ತಾಯಿತು. ರಸ್ತೆಯಲ್ಲಿ ಟೊಮೇಟೊ ತುಂಬಿದ ಒಂದು ಲಗೇಜ್ ಆಟೋ ನಿಲ್ಲಿಸಿದರು. ಚಾಲಕ ನಾಲ್ಕು ಕ್ರೇಟುಗಳನ್ನು ರಸ್ತೆ ಬದಿಗೆ ಇಳಿಸಿ ನಮಗೆ ಜಾಗ ಮಾಡಿದ. ಪಾವಗಡದವರೆಗೂ ನಾಗಮಣಿ ಕೂಸಿನ ಮುಖದಿಂದ ಕಣ್ಣು ತೆಗೆಯಲಿಲ್ಲ. ನಾನು ನಾಗಮಣಿಯ ಮುಖ ನೋಡಲಿಲ್ಲ.

ಪಾವಗಡದ ಒಂದು ಆಸ್ಪತ್ರೆಯಲ್ಲಿ ಕೂಸಿನ ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟರು. ವೈದ್ಯರು ಯಾವಾಗಿನಿಂದ ಹೀಗೆ ಎಂದು ಕೇಳಿದರು. "ಬೆಳಿಗ್ಗೆಯಿಂದ ಸಾರ್" ಎಂದಳು ನಾಗಮಣಿ.

"ಬೆಳಿಗ್ಗೆಯಿಂದ ಹಿಂಗೆ ಎಳೀತಾ ಇದೆ, ಈಗ ತರ್ತೀಯಾ? ತಾಯಿ ಅಲ್ವೇನಮ್ಮ ನೀನು? ಕಣ್ಣು ಕಾಣಿಸಲ್ವಾ?"

ನಾಗಮಣಿ ನೆಲ ನೋಡಿದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅವಳು ಹೊತ್ತಿಗೆ ಸರಿಯಾಗಿ ನನ್ನ ಬಳಿ ಬಂದಿದ್ದಳು ಸಾರ್, ವಾಪಸ್ಸು ಕಳಿಸಿದವಳು ನಾನು ಎನ್ನಬೇಕಿತ್ತು. ನಾನು ಕೂಸಿನ ದುಪ್ಪಟಿ ಮಡಚುತ್ತ ನಿಂತೆ. ನರ್ಸಿಂಗ್ ಓದುತ್ತಿರುವ ಕಿರಣ, ನೀನು ಮುಂದೆ ಆಸ್ಪತ್ರೆಯಲ್ಲಿ ನಿಂತು ಎಷ್ಟೋ ತಾಯಂದಿರನ್ನು ನೋಡುತ್ತೀಯ. ತಡವಾಗಿ ಬಂದ ತಾಯಿಯನ್ನು ಬೈಯುವ ಮೊದಲು, ದಾರಿಯಲ್ಲಿ ಅವಳನ್ನು ಯಾರು ನಿಲ್ಲಿಸಿದರು ಎಂದು ಕೇಳು.

ಮೊದಲ ಎರಡು ದಿನ ವೈದ್ಯರು ಏನೂ ಹೇಳಲಾಗದು ಅಂದರು. ನಾನು ದಿನವೂ ಮಧ್ಯಾಹ್ನದ ಬಸ್ಸಿಗೆ ಗಂಜಿ, ಸಾರು ತೆಗೆದುಕೊಂಡು ಹೋಗುತ್ತಿದ್ದೆ. ಬಸ್ಸಿನಲ್ಲಿ ಕೂತಾಗ, ಇವತ್ತು ಹೋಗುವಷ್ಟರಲ್ಲಿ ಆ ಮಂಚ ಖಾಲಿಯಾಗಿದ್ದರೆ ಎಂದು ಯೋಚಿಸುತ್ತಿದ್ದೆ. ಮೂರನೆಯ ದಿನ ಹೋದಾಗ ಅಖಿಲ ತಾಯಿಯ ಎದೆಗೆ ಬಾಯಿ ಹಾಕಿ ಹಾಲು ಎಳೆಯುತ್ತಿದ್ದಳು. ನಡುವೆ ನಿಲ್ಲಿಸಿ, ನಾನು ಯಾರೆಂದು ನೋಡಿ, ನನ್ನ ಬಳೆ ಹಿಡಿದುಕೊಂಡಳು. ನಾನು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತೆ.

ಅದಾದ ಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ನಿಮ್ಮ ತಾತನ ಕೈಗಡಿಯಾರ ಕೇಳಿ ಪಡೆದೆ. ಅದಕ್ಕೆ ಸೆಕೆಂಡಿನ ಮುಳ್ಳಿತ್ತು. ನೆಗಡಿಯಾದ ಯಾವ ಕೂಸು ಬಂದರೂ ಮೊದಲು ಅಂಗಿ ಎತ್ತಿ ನೋಡುವುದು, ಪೂರ್ತಿ ಒಂದು ನಿಮಿಷ ಉಸಿರು ಎಣಿಸುವುದು, ಆಮೇಲೆ ಮಾತು. ಮಲಗಿದ ಕೂಸಿನ ಉಸಿರು ಬೇರೆ, ಅಳುವ ಕೂಸಿನದು ಬೇರೆ, ಆದ್ದರಿಂದ ಸಮಾಧಾನವಾಗುವವರೆಗೆ ಕಾಯಬೇಕು. ವರ್ಷ ತುಂಬಿದ ಮೇಲೆ ನಲವತ್ತು ದಾಟಬಾರದು. ಎರಡು ತಿಂಗಳೊಳಗಿನ ಕೂಸಾದರೆ ಅರವತ್ತು. ಹಾಲು ಬಿಟ್ಟರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ ಎಣಿಸುತ್ತ ಕೂರಬೇಡಿ, ಹೊರಡಿ.

ಮಾತುಗಳ ಮೇಲೂ ಕುತೂಹಲ ಹುಟ್ಟಿತು. ಊರಿಗೆ ಹೊಸ ಸೊಸೆ ಬಂದರೆ, "ನಿಮ್ಮ ಕಡೆ ಇದುಕ್ಕೆ ಏನಂತೀರಮ್ಮ?" ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ಮೊದಮೊದಲು ಮುಖ ಕೆಂಪಾಗುತ್ತಿತ್ತು. ಆಮೇಲೆ ರುಚಿ ಹತ್ತಿತು. ಒಮ್ಮೆ ಮದುವೆಗೆಂದು ಶಿರಾಕ್ಕೆ ಹೋಗಿದ್ದಾಗ, ಬಸ್ ನಿಲ್ದಾಣದಲ್ಲಿ ಮೊಮ್ಮಗನನ್ನು ಎತ್ತಿಕೊಂಡಿದ್ದ ಒಬ್ಬ ಮುಸ್ಲಿಂ ಅಜ್ಜಿ ಪಕ್ಕದಲ್ಲಿ ಕೂತಿದ್ದರು. ನಾನಾಗಿಯೇ ಮಾತಾಡಿಸಿ, ಕೂಸಿಗೆ ಪಕ್ಕೆ ಹೊಡ್ಕೊಳ್ಳೋದಕ್ಕೆ ನಿಮ್ಮಲ್ಲಿ ಏನಂತೀರಿ ಎಂದು ಕೇಳಿದೆ. ನನ್ನ ಜೀವನದಲ್ಲಿ ಅಪರಿಚಿತರನ್ನು ನಾನಾಗಿ ಮಾತಾಡಿಸಿದ್ದು ಅದೇ ಮೊದಲು ಇರಬೇಕು. ಅವರು ನಕ್ಕು, "ಅದಾ? ನಮ್ಮೋರು ಪಸ್ಲಿ ಚಲ್‌ರೈ ಅಂತಾರಮ್ಮ. ಪಸ್ಲಿ ಅಂದ್ರೆ ಈ ಪಕ್ಕೆ ಮೂಳೆ, ಚಲ್ನಾ ಅಂದ್ರೆ ನಡಿಯೋದು" ಎಂದು ನನ್ನ ಪಕ್ಕೆಯನ್ನೇ ಮುಟ್ಟಿ ತೋರಿಸಿದರು.

ನೋಡಿ, ಎಷ್ಟು ವಿಚಿತ್ರ. ಒಂದೇ ಕಾಯಿಲೆ, ಒಂದೇ ಪಕ್ಕೆ. ಕನ್ನಡದಲ್ಲಿ ಅದು ಹೊಡೆದುಕೊಳ್ಳುತ್ತದೆ, ತೆಲುಗಿನಲ್ಲಿ ಎಗರುತ್ತದೆ, ಉರ್ದುವಿನಲ್ಲಿ ನಡೆಯುತ್ತದೆ. ಮೂರು ಭಾಷೆಯ ತಾಯಂದಿರೂ ಅಂಗಿ ಎತ್ತಿ ನೋಡಿಯೇ ಆ ಮಾತು ಕಟ್ಟಿದ್ದಾರೆ. ಪುಸ್ತಕದಲ್ಲಿ ನ್ಯುಮೋನಿಯಾ ಎಂದು ಬರೆದಿರುತ್ತಾರೆ. ಆ ಹೆಸರಿನಲ್ಲಿ ನೋಡಲು ಏನೂ ಕಾಣುವುದಿಲ್ಲ. ಭವ್ಯಾ, ನೀನು ಹೋಗುವ ಊರಿನಲ್ಲಿ ಮೊದಲ ವಾರವೇ ಈ ಮೂರು ಮಾತನ್ನೂ ಕಲಿತುಕೊ. ನಾಲ್ಕನೆಯದು ಸಿಕ್ಕರೆ ನನಗೆ ಫೋನು ಮಾಡು.

ವರ್ಷಗಳು ಹೋದವು. ನಿಮ್ಮ ತಾತ ಹೋದರು. ಹೊಲಗಳ ಮೇಲೆ ಫಲಕಗಳು ಬಂದವು. ರಿಜಿಸ್ಟರುಗಳು ಹೋಗಿ ಮೊಬೈಲ್ ಬಂತು. ನಾಗಮಣಿ ಬೀದಿಯಲ್ಲಿ ಸಿಕ್ಕಾಗೆಲ್ಲ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಆವತ್ತಿನ ಮಾತು ಮಾತ್ರ ನಮ್ಮಿಬ್ಬರ ನಡುವೆ ಬರಲಿಲ್ಲ. ನಿವೃತ್ತಿಗೆ ಒಂದು ವಾರ ಇದ್ದಾಗ, ಇನ್ನು ಹೇಳದಿದ್ದರೆ ಎಂದೂ ಹೇಳಲಾರೆ ಅನ್ನಿಸಿ ಅವಳ ಮನೆಗೆ ಹೋದೆ. ಅವಳು ಸೋಲಾರ್ ಪಾರ್ಕಿನಲ್ಲಿ ಹುಲ್ಲು ಕೀಳುವ ಕೆಲಸ ಮುಗಿಸಿ ಆಗತಾನೆ ಬಂದಿದ್ದಳು. ಅಖಿಲ ಮದುವೆಯಾಗಿ ಮಡಕಶಿರಾ ಕಡೆ ಇದ್ದಾಳೆ, ಚೆನ್ನಾಗಿದ್ದಾಳೆ ಅಂದಳು. ಕೂರಲು ಹೇಳಿ ನೀರು ಕೊಟ್ಟಳು.

"ನಾಗಮಣೀ, ಒಂದು ಮಾತೈತೆ. ಆವತ್ತು ನೀನು ಹೇಳಿದ್ದು ನಂಗೆ ಅರ್ಥ ಆಗಿರ್ಲಿಲ್ಲ ಕಣಮ್ಮ. ಬಿಕ್ಕಳಿಕೆ ಅಂದ್ಕೊಂಡಿದ್ದೆ. ಆಸ್ಪತ್ರೇಲಿ ನಿನ್ನ ಬೈದಾಗ್ಲೂ ಬಾಯಿ ಬಿಡಲಿಲ್ಲ."

ಅವಳು ಕಾಲಿಗೆ ಅಂಟಿದ್ದ ಹುಲ್ಲು ಕೊಡವುತ್ತ ಹೇಳಿದಳು, "ನಂಗೆ ಆವತ್ತೇ ಗೊತ್ತಾಯ್ತು ಬುಡಕ್ಕಾ."

"ಹೆಂಗೆ ಗೊತ್ತಾಯ್ತು?"

"ನೀನು ಊಂ ಊಂ ಅಂದೆಯಲ್ಲಾ. ಡೊಕ್ಕಲೆಗರೇಸ್ತಾಂದಿ ಅಂದ್ರೆ, ತಿಳಿದೋರು ಯಾರಾದ್ರೂ ಊಂ ಅಂತಾರಾ? ಎದ್ದು ಓಡ್ತಾರೆ."

ನಾನು ನೀರಿನ ಲೋಟ ಕೆಳಗಿಟ್ಟೆ. "ಮತ್ತೆ ಮನೆಗೆ ಯಾಕೆ ಹೋದೆ? ಒಂದು ಗಂಟೆ ಯಾಕೆ ಕಾದೆ ನಾಗಮಣಿ?"

ಕೋಪವಿರಲಿಲ್ಲ ಅವಳ ಮುಖದಲ್ಲಿ. "ನೀನು ಓದಿದೋಳು ಅಲ್ವೇನಕ್ಕಾ? ಏನೂ ಆಗಲ್ಲ ಅಂದೆ. ನಂಗೇ ಸರಿಯಾಗಿ ಕಾಣ್ಲಿಲ್ವೇನೋ ಅಂದ್ಕೊಂಡು, ಪಾಪನ ಮುಂದೆ ಹಾಕ್ಕೊಂಡು ನೋಡ್ತಾ ಕೂತೆ. ಒಂದು ಗಂಟೆ ನೋಡಿದೆ. ನಂಗೆ ಕಂಡಿದ್ದೇ ನಿಜ ಅನ್ನಿಸ್ತು. ಬಂದೆ."

ಮಕ್ಕಳೇ, ನಾನು ಕಲಿತ ಔಷಧಿಗಳನ್ನೆಲ್ಲ ಇದರ ಜೊತೆ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅದು ಕಳೆದುಹೋದರೆ ಚಿಂತೆಯಿಲ್ಲ. ಶುಂಠಿ ಮೆಣಸಿನ ಕಷಾಯವನ್ನು ಯಾವ ಮನೆಯಲ್ಲಿ ಕೇಳಿದರೂ ಹೇಳಿಕೊಡುತ್ತಾರೆ. ಈ ಹಾಳೆಗಳು ಮಾತ್ರ ನಿಮ್ಮಲ್ಲಿರಲಿ. ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನಿಮ್ಮ ಅಂಕಪಟ್ಟಿಗಳನ್ನು ಇಟ್ಟಿರುವ ಕಡೆಯೇ ಇಡಿ. ಓದಿದವರು ನೀವು. ನಿಮ್ಮ ಮುಂದೆ ಒಬ್ಬ ತಾಯಿ ತಾನು ಕಣ್ಣಾರೆ ಕಂಡದ್ದನ್ನೇ ಅನುಮಾನಿಸುವ ಹಾಗೆ ಎಂದಾದರೂ ಆದರೆ, ಆವತ್ತು ತೆಗೆದು ಓದಿ.

ನಿಮ್ಮ ಅಜ್ಜಿ,
ಸರೋಜಮ್ಮ